ಹಿನ್ನೆಲೆ ಸಂಗೀತ

ಪರದೆಯ ಬಟ್ಟೆಯಲ್ಲಿ ಒಂದು ಮಡಿಕೆ ಇತ್ತು. ಬಲಗಡೆಯ ಮೇಲಿನ ಮೂಲೆಯಿಂದ ಅಡ್ಡವಾಗಿ ಇಳಿದು ನಡುವಿನವರೆಗೆ ಬಂದಿದ್ದ ಆ ಮಡಿಕೆಯನ್ನು ಉಸ್ಮಾನ್ ಕುಳಿತ ಕ್ಷಣದಿಂದ ನೋಡುತ್ತಲೇ ಇದ್ದ. ಸೌದಿಯ ದಮ್ಮಾಮಿನ ಲಾಂಡ್ರಿಯಲ್ಲಿ ಇಪ್ಪತ್ತೇಳು ವರ್ಷ ಇಸ್ತ್ರಿ ಹಾಕಿದವನ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ. ನೀರು ಚಿಮುಕಿಸಿ ಎರಡು ಸಲ ಒತ್ತಿದರೆ ಹೋಗುವ ಮಡಿಕೆ, ಯಾರಿಗೂ ತೋಚಿಲ್ಲ. ಪುತ್ತೂರಿನ ಆ ಕಾಲೇಜಿನ ಹಾಲಿನಲ್ಲಿ ನೂರು ಜನ ಇದ್ದಿರಬಹುದು, ಬಹುಪಾಲು ಹುಡುಗ ಹುಡುಗಿಯರು. ಅವನ ಎಡಕ್ಕೆ ಹೆಂಡತಿ ರುಕಿಯಾ ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು, ಡಾಕ್ಟರರ ಕೋಣೆಯ ಹೊರಗೆ ಕೂತವಳಂತೆ ಕೂತಿದ್ದಳು. ಇದೇ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಮುಹ್ಸಿನಾ ಒಂದು ಸಿನಿಮಾ ಮಾಡಿದ್ದಳು. ಇವತ್ತು ಅದನ್ನು ತೋರಿಸಿ ಆಮೇಲೆ ಚರ್ಚೆ. ವಾರದ ಹಿಂದೆ ಫೋನು ಮಾಡಿದ್ದಳು. ‘ಉಪ್ಪ, ನೀವು ಬರ್ಲೇಬೇಕು ಅಂತ ಎಂತ ಇಲ್ಲ. ಬಸ್ಸಲ್ಲಿ ದೂರ ಆಗ್ತದೆ ನಿಮಗೆ.’ ಅದು ಕರೆಯೋ, ಬರಬೇಡಿ ಎಂಬ ಸೂಚನೆಯೋ ಅವನಿಗೆ ಗೊತ್ತಾಗಲಿಲ್ಲ. ಬರುತ್ತೇನೆ ಅಂದುಬಿಟ್ಟ. ಸಿನಿಮಾ ಕಲಿಯುತ್ತೇನೆ ಅಂದಾಗ ಎರಡು ತಿಂಗಳು ಅವಳೊಡನೆ ಮಾತು ಬಿಟ್ಟವನು, ಈ ವಾರ ನಮಾಜಿಗೆ ಹೋಗುವ ಪಳ್ಳಿಯ ಎದುರಿನ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಇಬ್ಬರಿಗೆ ಹೇಳಿದ್ದ, ಮಗಳ ಕಾರ್ಯಕ್ರಮ ಉಂಟು ಆದಿತ್ಯವಾರ ಎಂದು. ಬೆಳಿಗ್ಗೆ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದ. ರುಕಿಯಾ ಮಾತ್ರ ಬಸ್ಸಿನಲ್ಲಿ ಕೂಡ ಒಂದು ಮಾತೂ ಆಡಿರಲಿಲ್ಲ.

ದೀಪ ಆರಿತು. ಮೊದಲು ಕಂಡದ್ದು ಒಂದು ಕಿಟಕಿ. ಹಸಿರು ಬಣ್ಣದ ಸರಳುಗಳು, ಅದರಲ್ಲಿ ಕೆಳಗಿನಿಂದ ಎರಡನೆಯದು ಒಳಕ್ಕೆ ಬಾಗಿದ್ದು. ಬಡವರ ಮನೆಗಳ ಕಿಟಕಿಯೆಲ್ಲ ಹೀಗೇ ಇರುತ್ತದೆ ಎಂದುಕೊಂಡ. ಆಮೇಲೆ ಮಸಿ ಹಿಡಿದ ಗೋಡೆ ಬಂತು, ಗೋಡೆಯಲ್ಲಿ ಉಪ್ಪಿನ ಭರಣಿ ಇಡುವ ಗೂಡು ಬಂತು. ಹೊಸ ಮನೆ ಕಟ್ಟಿಸುವಾಗ ಕೆಡವದೆ ಉಳಿಸಿದ, ಈಗ ಭತ್ತ ಬೇಯಿಸಲು ಮಾತ್ರ ಬಳಸುವ ಕೊಯಿಲದ ತನ್ನ ಮನೆಯ ಹಿಂದಿನ ಅಡುಗೆಕೋಣೆ ಅದು ಎಂದು ತಿಳಿಯುವ ಹೊತ್ತಿಗೆ, ಪರದೆಯಲ್ಲಿ ಒಬ್ಬ ಹೆಂಗಸು ಬೆನ್ನು ಹಾಕಿ ಮಣೆಯ ಮೇಲೆ ಕೂತಾಗಿತ್ತು. ಮುಖ ಕಾಣುವುದಿಲ್ಲ. ತಲೆಗೆ ಸುತ್ತಿದ ಬಟ್ಟೆ, ಬಾಗಿದ ಭುಜ, ಹಿಂದಕ್ಕೆ ಚಾಚಿದ ಒಂದು ಪಾದ. ಹಿಮ್ಮಡಿಯಲ್ಲಿ ಮೂರು ಬಿರುಕು. ಆ ಮೂರು ಬಿರುಕುಗಳಿಗೆ ಹಚ್ಚಲೆಂದು ಅವನೇ ಮೊನ್ನೆ ಕಡಬದ ಮೆಡಿಕಲ್ಲಿನಿಂದ ಮುಲಾಮು ತಂದಿದ್ದ. ಅವನು ತಲೆ ತಿರುಗಿಸಿ ಪಕ್ಕದಲ್ಲಿದ್ದ ರುಕಿಯಾಳನ್ನು ನೋಡಿದ. ಅವಳು ಪರದೆಯನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಬೆನ್ನನ್ನು ನೋಡುವಂತೆ. ಕಳೆದ ಚಳಿಗಾಲದಲ್ಲಿ ಭಾವನಿಗೆ ಆಪರೇಶನ್ ಆದಾಗ ಅವನು ಹತ್ತು ದಿನ ಅಜ್ಜಾವರದಲ್ಲಿ ತಂಗಿ ಪಾತುವಿನ ಮನೆಯಲ್ಲಿದ್ದ, ದಿನಾ ಸುಳ್ಯದ ಆಸ್ಪತ್ರೆಗೆ ಊಟ ಒಯ್ಯುತ್ತಿದ್ದ. ಆಗ ಮನೆಯಲ್ಲಿ ಎಂತ ವಿಶೇಷ ಎಂದು ಫೋನಿನಲ್ಲಿ ಕೇಳಿದರೆ ರುಕಿಯಾ ಎಂತ ಇಲ್ಲ ಅಂದಿದ್ದಳು.

ಮೂರನೆಯದಾಗಿ ಬಂದದ್ದು ಸ್ವರ. ಕಿಟಕಿಯ ದಂಡೆಯ ಮೇಲೆ ಇಟ್ಟ ಟೇಪ್ ರೆಕಾರ್ಡರಿನಿಂದ ಒಬ್ಬ ಗಂಡಸು ಬ್ಯಾರಿ ಭಾಷೆಯಲ್ಲಿ ಸಲಾಂ ಹೇಳಿದ. ಎಳೆಯ, ದಪ್ಪ, ಆತುರದ ಸ್ವರ. ಉಸ್ಮಾನನಿಗೆ ಒಂದು ಕ್ಷಣ ತನ್ನ ಸತ್ತುಹೋದ ಅಣ್ಣನ ನೆನಪಾಯಿತು. ಅದು ತನ್ನದೇ ಸ್ವರ, ಅದನ್ನು ತಾನು ಒಮ್ಮೆಯೂ ಕೇಳಿರಲಿಲ್ಲ ಎಂದು ಆಮೇಲೆ ಹೊಳೆಯಿತು; ಹೇಳಿ ಮುಗಿಸಿ, ಕ್ಯಾಸೆಟ್ಟು ತೆಗೆದು, ಊರಿಗೆ ಹೋಗುವ ಯಾರ ಕೈಯಲ್ಲಾದರೂ ಕೊಟ್ಟುಬಿಡುವುದು, ಅಷ್ಟೇ. ಪತ್ರ ಬರೆಯಲು ಬಾರದ ಗಂಡಸರೆಲ್ಲ ಆಗ ಹಾಗೆಯೇ ಮಾಡುತ್ತಿದ್ದರು. ಒಂದು ಮಗ್ಗುಲಲ್ಲಿ ಇವನು ಮಾತಾಡಿ ಕಳಿಸಿದರೆ ಮತ್ತೊಂದು ಮಗ್ಗುಲಲ್ಲಿ ಅವಳು ಮಾತಾಡಿ ಕಳಿಸಬೇಕು. ಪರದೆಯ ಕೆಳಗೆ ಅವನ ಮಾತುಗಳು ಕನ್ನಡದಲ್ಲಿ ಅಕ್ಷರಗಳಾಗಿ ಹಾದುಹೋಗುತ್ತಿದ್ದವು. ಅವನು ತಾನು ಹೇಳುತ್ತಿರುವುದನ್ನು ಕೇಳುತ್ತ, ಓದುತ್ತ, ಎರಡರ ನಡುವೆ ಸಿಕ್ಕಿಕೊಂಡ. ಮಿಕ್ಸಿ ಕಳಿಸಿದ್ದೇನೆ, ಒದ್ದೆ ಕೈಯಲ್ಲಿ ಮುಟ್ಟಬೇಡ, ಮೊದಲು ತೆಂಗಿನಕಾಯಿ ಹಾಕು, ಆಮೇಲೆ ನೀರು, ಒಂದೇ ಸಲ ಜೋರಾಗಿ ತಿರುಗಿಸಬೇಡ. ಹಾಲಿನಲ್ಲಿ ಯಾರೋ ನಕ್ಕರು. ಮತ್ತೆ ಮಿಕ್ಸಿ, ಮತ್ತೆ ನೀರು, ಎಲ್ಲರೂ ನಕ್ಕರು. ಉಸ್ಮಾನನೂ ಒಂದಿಷ್ಟು ನಕ್ಕ. ಆದರೆ ಆ ಮಾತಿನಡಿಯಲ್ಲಿ ಯಾವುದೋ ತಂತಿವಾದ್ಯ ಬಹಳ ನಿಧಾನವಾಗಿ ನುಡಿಯತೊಡಗಿತ್ತು. ಅವಳಿಗೆ ಶಾಕ್ ಹೊಡೆದೀತೆಂದು ಎಷ್ಟು ಹೆದರಿ ಅಷ್ಟು ಹೇಳಿದ್ದ! ಆ ಹೆದರಿಕೆಯೇ ಪ್ರೀತಿ ಎಂದು ತಿಳಿದಿದ್ದ. ಈಗ ಆ ತಂತಿ, ಹುಲ್ಲಿನಲ್ಲಿ ಹಾವು ಸರಿಯುವಂತೆ, ಅವನ ಒಂದೊಂದು ಶಬ್ದದ ಹಿಂದೆಯೂ ಸರಿಯುತ್ತಿತ್ತು. ಜೀಪಿನಲ್ಲಿ ಸುಳ್ಯಕ್ಕೆ ಹೋದೆಯಂತೆ, ಜೊತೆಗೆ ಯಾರಿದ್ದರು, ಹೇಳು. ಮುಹ್ಸಿನಾಳಿಗೆ ಆ ಗಿಡ್ಡ ಫ್ರಾಕು ಹಾಕಬೇಡ. ನನ್ನ ಉಮ್ಮನ ಎದುರು ಸ್ವರ ಎತ್ತಿದೆಯಂತೆ. ಹೆಂಗಸಿನ ಬೆನ್ನು ಕದಲುವುದಿಲ್ಲ. ಕ್ಯಾಮೆರಾವೂ ಕದಲುವುದಿಲ್ಲ. ಇಷ್ಟು ಹೊತ್ತು ಒಂದೇ ಕಡೆ ನೋಡಿದರೆ ಎಂಥ ಗಂಡಸೂ ತಪ್ಪಿತಸ್ಥನಂತೆ ಕಾಣುತ್ತಾನೆ ಎಂದು ಅವನಿಗೆ ಸಿಟ್ಟು ಬಂತು. ನನ್ನನ್ನೂ ತೋರಿಸಲಿ, ಆರು ಮಂಚಗಳ ಆ ಕೋಣೆಯನ್ನು, ಉಗಿಯಲ್ಲಿ ಬೆಂದ ಈ ಬೆರಳುಗಳನ್ನು ತೋರಿಸಲಿ.

ಆಮೇಲೆ ತಂತಿ ನಿಂತಿತು. ಮತ್ತೊಂದು ಕ್ಯಾಸೆಟ್ಟು. ಅದೇ ಹೆಂಗಸು, ಈಗ ಮೀನಿನ ಹುರುಪೆ ಕೆರೆಯುತ್ತಿದ್ದಾಳೆ. ಸಲಾಂ ಇಲ್ಲ. ಗಂಟಲು ಸರಿಮಾಡಿಕೊಂಡ ಸದ್ದು. ‘ಮನೆಯಲ್ಲೇ ಇದ್ದೆಯಲ್ಲ ನೀನು. ಒಂದು ಮಗುವನ್ನು ನೋಡಿಕೊಳ್ಳಲಿಕ್ಕೆ ನಿನ್ನಿಂದ ಆಗಲಿಲ್ಲವಾ?’ ಕೆಳಗೆ ಅಕ್ಷರಗಳು ಬಂದವು, ಹೋದವು. ಸಂಗೀತ ಇಲ್ಲ. ಚೂರಿ ನಿಲ್ಲಲಿಲ್ಲ. ಹುರುಪೆ ಹಾರುವ ಚರಚರ ಸದ್ದು ಮಾತ್ರ. ‘ಜ್ವರ ಬಂದು ಮೂರು ದಿನ ಎಂತ ಮಾಡ್ತಾ ಇದ್ದೆ?’ ಇದು ಯಾವಾಗ ಹೇಳಿದ್ದು? ಜುವೈರಿಯಾ, ಅವನ ಎರಡನೆಯ ಮಗಳು, ಎರಡೂವರೆ ವರ್ಷದವಳು, ತೊಂಬತ್ತೆಂಟರ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡಳು. ಅವನು ಆ ಮಗುವನ್ನು ನೋಡಿದ್ದು ಒಂದೇ ಒಂದು ರಜೆಯಲ್ಲಿ, ನಲವತ್ತು ದಿನ. ಲಾಂಡ್ರಿಗೆ ಫೋನು ಬಂದಾಗ ಅವನ ಕೈಯಲ್ಲಿ ಯಾರದೋ ಉದ್ದನೆಯ ಬಿಳಿ ಅಂಗಿ ಇತ್ತು. ಅದನ್ನು ಪೂರ್ತಿ ಒತ್ತಿ ಮಡಚಿ ಇಟ್ಟಿದ್ದ. ಪಾಸ್‌ಪೋರ್ಟು ಲಾಂಡ್ರಿಯ ಮಾಲಿಕ ಅರಬಿಯ ಬಳಿ, ಅರಬಿ ಊರಿನಲ್ಲಿಲ್ಲ, ಮಣ್ಣು ಮಾಡಿಯಾಯಿತು, ಇನ್ನು ಹೋಗಿ ಎಂತ ಎಂದು ಎಲ್ಲರೂ ಹೇಳಿದರು. ಶುಕ್ರವಾರ ಜುಮಾ ಮುಗಿಸಿ ಬಂದು ಕ್ಯಾಸೆಟ್ಟು ಹಾಕಿ ಮಾತಾಡಿದ್ದ. ಅಳಬೇಡ, ಅಲ್ಲಾಹನ ವಿಧಿ, ಮಗು ಸ್ವರ್ಗದ ಬಾಗಿಲಲ್ಲಿ ನಮಗಾಗಿ ಕಾಯುತ್ತಿರುತ್ತದೆ ಎಂದು ಹೇಳಿದ್ದ. ಹೇಳಿ ಅತ್ತಿದ್ದ. ಇದನ್ನೇ ಅವನು ಇಪ್ಪತ್ತಾರು ವರ್ಷದಿಂದ ನೆನಪಿಟ್ಟುಕೊಂಡದ್ದು. ಮನಸ್ಸು ಕೆಟ್ಟ ದಿನಗಳಲ್ಲಿ, ಏನಿಲ್ಲದಿದ್ದರೂ ಆ ಶುಕ್ರವಾರ ನಾನು ಅವಳ ಜೊತೆ ಇದ್ದೆ ಎಂದು ಸಮಾಧಾನ ಮಾಡಿಕೊಂಡದ್ದು. ಆ ಕ್ಯಾಸೆಟ್ಟಿಗೆ ಉತ್ತರ ಬರಲಿಲ್ಲ. ಒಯ್ದು ಕೊಟ್ಟ ಕಾಸಿಂ ತಿರುಗಿ ಬಂದು, ನಿಮ್ಮ ಮನೆಯ ಟೇಪ್ ರೆಕಾರ್ಡರು ಹಾಳಾಗಿದೆಯಂತೆ ಎಂದ. ಆಮೇಲೆ ಊರಿನ ಮನೆಗೆ ಫೋನು ಬಂದು ಕ್ಯಾಸೆಟ್ಟುಗಳೇ ನಿಂತವು.

ಪರದೆಯಲ್ಲಿ ಮಾತು ನಿಂತಿತ್ತು. ಇನ್ನು ಸಮಾಧಾನದ ಮಾತು ಬರಬೇಕು ಎಂದು ಅವನು ಮುಂದಕ್ಕೆ ಬಾಗಿದ. ಬದಲಿಗೆ ಆಳದಿಂದ ಒಂದು ಸಂಗೀತ ಎದ್ದಿತು. ಒಂದೇ ಸ್ವರ, ತಂಬೂರಿಯಂತೆ, ಆದರೆ ಒರಟು. ನಡುನಡುವೆ ಒಂದು ಸಣ್ಣ ನಡುಕ. ಅದು ಶುರುವಾದ ಮೇಲೆಯೇ ಕ್ಯಾಮೆರಾ ಮೊದಲ ಬಾರಿಗೆ ಅಲುಗಿದ್ದು. ಅದು ಹಿಂದಕ್ಕೆ ಹೋಗತೊಡಗಿತು. ಹೆಂಗಸು ದೂರವಾದಳು, ಬಾಗಿಲಿನ ಚೌಕಟ್ಟು ಬಂತು, ಅಂಗಳ ಬಂತು, ಬಟ್ಟೆ ಒಗೆಯುವ ಕಲ್ಲು ಬಂತು, ಬಾಗಿಲು ಒಂದು ಕಪ್ಪು ಚೌಕವಾಗಿ ಚಿಕ್ಕದಾಗುತ್ತ ಹೋಯಿತು, ಅದರೊಳಗೆ ಬೆನ್ನು ಇದೆಯೋ ಇಲ್ಲವೋ ಗೊತ್ತಾಗದಷ್ಟು. ಪರದೆ ಪೂರ್ತಿ ಕಪ್ಪಾದ ಮೇಲೂ ಆ ಒಂದೇ ಸ್ವರ ಬಹಳ ಹೊತ್ತು ನಡೆಯಿತು. ಅದು ನಿಂತಾಗ ಯಾರೂ ಕೂಡಲೇ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಬಹಳ ತಟ್ಟಿದರು. ರುಕಿಯಾ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಬೇಕಾ ಎಂದು ಕೇಳದೆ ಮುಚ್ಚಳ ಹಾಕಿದಳು.

ಚರ್ಚೆ ನಡೆಸಿದ್ದು ಭವಿತಾ ಎಂಬ ಅಧ್ಯಾಪಕಿ. ‘ಪರದೇಶಕ್ಕೆ ಹೋದವರ ಸಿನಿಮಾ ಅಂದ್ರೆ ಸಾಮಾನ್ಯವಾಗಿ ಕ್ಯಾಮೆರಾ ಹೋದವನ ಒಟ್ಟಿಗೇ ಹೋಗ್ತದೆ. ವಿಮಾನ, ಮರಳು, ದೊಡ್ಡ ದೊಡ್ಡ ಕಟ್ಟಡ, ಒಂಟಿ ಗಂಡಸು. ಇಲ್ಲಿ ಅದು ಉಳಿದವಳ ಹಿಂದೆ ಕೂತಿದೆ. ತಂದೆಯ ಮುಖ ಒಮ್ಮೆಯೂ ಬರುದಿಲ್ಲ, ಗಮನಿಸಿದ್ರಾ? ಜಗಳ ಅಂತ ಒಂದು ದೃಶ್ಯ ಕೂಡ ಇಲ್ಲ. ಎಲ್ಲವನ್ನೂ ಆ ಚೌಕಟ್ಟು ಮತ್ತು ಸಂಗೀತವೇ ಹೇಳ್ತದೆ. ಪ್ರೀತಿಯ ಮಾತಿಗೆ ಹೆದರಿಸುವ ಸಂಗೀತ, ಕ್ರೂರ ಮಾತಿಗೆ ಮೌನ.’ ಕ್ರೂರ ಎಂಬ ಶಬ್ದವನ್ನು ಅವಳು ಬಹಳ ಮೃದುವಾಗಿ, ಪಾಠದ ಶಬ್ದದಂತೆ ಹೇಳಿದಳು. ಕ್ಯಾಮೆರಾ ಯಾಕೆ ಅಷ್ಟು ತಗ್ಗಿನಲ್ಲಿದೆ ಎಂದು ಯಾರೋ ಕೇಳಿದರು. ವೇದಿಕೆಯಲ್ಲಿದ್ದ ಮುಹ್ಸಿನಾ ಮೈಕು ತೆಗೆದುಕೊಂಡು ಹೇಳಿದಳು, ‘ಆರು ವರ್ಷದ ಮಗು ಬಾಗಿಲಲ್ಲಿ ನಿಂತ್ರೆ ಅದರ ಕಣ್ಣು ಅಷ್ಟೇ ಎತ್ತರಕ್ಕೆ ಬರುದು.’ ಉಸ್ಮಾನ್ ಲೆಕ್ಕ ಹಾಕಿದ. ತೊಂಬತ್ತೆಂಟರಲ್ಲಿ ಮುಹ್ಸಿನಾಳಿಗೆ ಆರು. ಆ ಕ್ಯಾಸೆಟ್ಟು ಹಾಕಿದಾಗ ಬಾಗಿಲಲ್ಲಿ ಇನ್ನೊಬ್ಬರು ನಿಂತಿರಬಹುದು ಎಂದು ಅವನಿಗೆ ಈವರೆಗೆ ಅನಿಸಿರಲೇ ಇಲ್ಲ. ಅವಳನ್ನು ಮಂಗಳೂರಿನಲ್ಲಿ ಓದಿಸುವಾಗ, ಅವಳು ಫೋನಿನಲ್ಲಿ ಹೂಂ, ಹೂಂ ಎಂದಷ್ಟೇ ಹೇಳಿ ಉಮ್ಮನ ಕೈಗೆ ಕೊಟ್ಟುಬಿಡುವಾಗ, ಅದು ಓದಿದವರ ಜಂಬ ಎಂದು ತಿಳಿದಿದ್ದ.

ಹಿಂದಿನ ಸಾಲಿನಿಂದ ದಿಶಾಂತ್ ಎಂಬ ವಿದ್ಯಾರ್ಥಿ ಎದ್ದು ನಿಂತ. ‘ಮೇಡಂ, ಆ ತಂದೆಯ ಸ್ವರ ತುಂಬಾ ಒಳ್ಳೆದುಂಟು. ನಿಜವಾಗಿಯೂ ಸಿಟ್ಟು ಬರ್ತದೆ ಕೇಳಿದ್ರೆ. ಯಾರು ಕೊಟ್ಟದ್ದು ಸ್ವರ?’ ಮುಹ್ಸಿನಾಳ ಕಣ್ಣು ಸಾಲುಗಳ ಮೇಲೆ ಹಾದು ಅವನ ಮೇಲೆ ಬಂದು ನಿಂತಿತು. ಆ ನೋಟದಲ್ಲಿ ಕೇಳಿಕೆ ಇತ್ತೋ ಕರುಣೆ ಇತ್ತೋ, ಅಷ್ಟು ದೂರಕ್ಕೆ ಅವನಿಗೆ ಕಾಣಲಿಲ್ಲ. ಎದ್ದು ನಿಂತು, ನನ್ನದು, ಎಂದರಾಯಿತು. ಆ ಒಂದು ಮಾತು ಹೇಳಿದರೆ ಈ ಹಾಲಿನವರೆಲ್ಲ ತಿರುಗಿ ನೋಡುತ್ತಾರೆ, ಇಷ್ಟು ಹೊತ್ತು ಇಲ್ಲದ ಮುಖ ಅವರಿಗೆ ಸಿಗುತ್ತದೆ, ಉಗಿದರೂ ಮುಖಕ್ಕೇ ಉಗಿಯಲಿ. ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದದ್ದೂ ಹೌದು. ‘ನಮ್ಮ ಪರಿಚಯದವರು ಒಬ್ರು,’ ಎಂದಳು ಮುಹ್ಸಿನಾ ಅಷ್ಟರಲ್ಲಿ. ‘ಹೆಸರು ಹಾಕುದು ಬೇಡ ಅಂದ್ರು.’ ಅವನು ಹಾಗೇ ಕೂತ. ಪಕ್ಕದ ಹುಡುಗಿ, ಅವನು ಹೊರಗೆ ಹೋಗಲು ಎದ್ದನೆಂದು ತಿಳಿದು ಕಾಲು ಮಡಚಿ ದಾರಿ ಬಿಟ್ಟಿದ್ದಳು. ‘ಇಲ್ಲ, ಇಲ್ಲ,’ ಎಂದು ಅವಳಿಗೆ ಎರಡು ಸಲ ಹೇಳಿದ.

ಕಾರ್ಯಕ್ರಮ ಮುಗಿದು ರುಕಿಯಾ ಹೆಂಗಸರ ಜೊತೆ ಕೈ ತೊಳೆಯಲು ಹೋದಾಗ ಮುಹ್ಸಿನಾ ಎರಡು ಕಾಗದದ ಕಪ್ಪಿನಲ್ಲಿ ಚಾ ತಂದಳು. ಹೊರಗಿನ ಜಗಲಿಯಲ್ಲಿ ಇಬ್ಬರೂ ಕಂಬದ ಆಚೆ ಈಚೆ ನಿಂತರು. ‘ಉಪ್ಪ, ಸಕ್ಕರೆ ಹಾಕಿದ್ದಾರೆ, ಸ್ವಲ್ಪ ಕುಡಿದು ಬಿಡಿ,’ ಎಂದಳು. ಬಹಳ ಹೊತ್ತಿನಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಚೆದುರಿ, ಅವನಿಗೆ ಒಂದೇ ಉಳಿಯಿತು.

‘ಅದರ ನಂತರದ ಮಾತು ಯಾಕೆ ತೆಗೆದದ್ದು ನೀನು?’

‘ಯಾವ ಮಾತು ಉಪ್ಪ?’

‘ಜುವೈರಿಯಾಳ ಕ್ಯಾಸೆಟ್ಟಲ್ಲಿ. ಬೈದದ್ದು ನಾನೇ, ಇಲ್ಲ ಅಂತ ಹೇಳುದಿಲ್ಲ. ಅದರ ನಂತರ ಸಮಾಧಾನ ಹೇಳಿದ್ದೆ. ಅದನ್ನು ಕತ್ತರಿಸಿ ನೀನು ಸಂಗೀತ ಹಾಕಿದ್ದಿ. ಜನ ಎಂತ ತಿಳ್ಕೊಳ್ಳುದು?’

ಮುಹ್ಸಿನಾ ಕಪ್ಪಿನ ಅಂಚನ್ನು ಉಗುರಿನಿಂದ ಗೀರಿದಳು. ಅವಳ ಮುಖ ಇದ್ದಕ್ಕಿದ್ದಂತೆ ಬಹಳ ದಣಿದಂತೆ ಕಂಡಿತು. ‘ನಾನು ಎಂತದೂ ತೆಗಿಲಿಲ್ಲ. ಆ ಎರಡು ಮಾತಿನ ನಂತರ ಅದರಲ್ಲಿ ಎಂತದೂ ಇಲ್ಲ ಉಪ್ಪ. ಕ್ಯಾಸೆಟ್ಟು ಮುಗಿಯುವವರೆಗೆ ಖಾಲಿ. ಇಪ್ಪತ್ತೊಂಬತ್ತು ನಿಮಿಷ.’

‘ಮತ್ತೆ ಆ ಸಂಗೀತ?’

‘ಅದು ಸಂಗೀತ ಅಲ್ಲ. ನಿಮ್ಮ ರೂಮಿನ ಏಸಿಯ ಸದ್ದು. ನೀವು ಟೇಪು ಬಂದ್ ಮಾಡ್ಲಿಲ್ಲ. ಅದನ್ನೇ ನಾನು ಸ್ವಲ್ಪ ಜೋರು ಮಾಡಿ ಹಾಕಿದ್ದು.’ ಅವಳು ಸೇರಿಸಿದಳು, ‘ಉಮ್ಮನೇ ಕೊಟ್ಟದ್ದು ಕ್ಯಾಸೆಟ್ಟು. ನಾನಾಗಿ ಕೇಳಿದ್ದಲ್ಲ. ಸಿನಿಮಾ ಮಾಡುದಾದ್ರೆ ಇದನ್ನು ಮಾಡು ಅಂದ್ರು.’

ಕಿಟಕಿಯ ಹಳೆಯ ಏಸಿ, ಕಂದು ಬಣ್ಣದ್ದು. ಅದರ ಒಂದು ಸ್ಕ್ರೂ ಬಿದ್ದುಹೋಗಿ ಆಗಾಗ ನಡುಗುತ್ತಿತ್ತು. ಅದರ ಕೆಳಗಿನ ಮಂಚ ಅವನದು. ಶುಕ್ರವಾರ ಮಧ್ಯಾಹ್ನ ಉಳಿದ ಐವರು ಉಂಡು ಮಲಗಿದ್ದರು. ಎರಡು ಮಾತು ಬೈದ. ಆಮೇಲೆ ಅಳು ಬಂತು. ಗಂಡಸರ ಕೋಣೆ, ಅಳು ಕೇಳಿದರೆ ಯಾರಾದರೂ ಏಳುತ್ತಾರೆ, ಸಮಾಧಾನ ಹೇಳುತ್ತಾರೆ, ನಾಳೆ ಲಾಂಡ್ರಿಯಲ್ಲಿ ಮುಖ ನೋಡುತ್ತಾರೆ. ಹೆಗಲ ಮೇಲಿನ ತೋರ್ತನ್ನು ಬಾಯಿಗೆ ತುರುಕಿಕೊಂಡಿದ್ದ. ಹೌದು, ತುರುಕಿಕೊಂಡಿದ್ದ, ಹಲ್ಲಿಗೆ ಸಿಕ್ಕಿದ ನೂಲಿನ ರುಚಿ ಈಗ ಬಂತು. ಅಲ್ಲಾಹನ ವಿಧಿ, ಸ್ವರ್ಗದ ಬಾಗಿಲು, ಎಲ್ಲವನ್ನೂ ಹೇಳಿದ್ದು ಆ ತೋರ್ತಿನ ಒಳಗೆ. ಅಥವಾ ಅದನ್ನೂ ಹೇಳಿರಲಿಲ್ಲ, ಹೇಳಬೇಕೆಂದುಕೊಂಡಿದ್ದ ಅಷ್ಟೆ. ಕ್ಯಾಸೆಟ್ಟು ತಾನಾಗಿಯೇ ಟಕ್ಕೆಂದು ನಿಂತಾಗ ತೆಗೆದು, ಕವರಿಗೆ ಹಾಕಿ, ಮರುದಿನ ಕಾಸಿಮನಿಗೆ ಕೊಟ್ಟ. ಮಗಳಿಗೆ ಇದನ್ನು ಹೇಳಲು ಬಾಯಿ ತೆರೆದ. ಭವಿತಾ ದೂರದಿಂದ ಕೈ ಎತ್ತಿ ಕರೆದಳು, ಫೋಟೋ, ಫೋಟೋ ಎಂದು. ‘ಬಂದೆ ಉಪ್ಪ,’ ಎಂದು ಮುಹ್ಸಿನಾ ಹೋದಳು. ಫೋಟೋ ತೆಗೆದಾಯಿತು, ಇನ್ನೊಂದು ಗುಂಪು ಬಂತು, ಮತ್ತೂ ಒಂದು. ಅವನು ಸಕ್ಕರೆಯ ಚಾವನ್ನು ಪೂರ್ತಿ ಕುಡಿದು ಮುಗಿಸಿದ.

ಉಪ್ಪಿನಂಗಡಿಯಲ್ಲಿ ಇಳಿದು ಕಡಬದ ಬಸ್ಸು ಹತ್ತಿದಾಗ ಬಸ್ಸು ತುಂಬಿತ್ತು. ರುಕಿಯಾಳಿಗೆ ಮುಂದೆ ಹೆಂಗಸರ ಸಾಲಿನಲ್ಲಿ ಜಾಗ ಸಿಕ್ಕಿತು. ಅವನು ಹಿಂದೆ ಕಂಬಿ ಹಿಡಿದು ನಿಂತ. ಜನರ ತೋಳುಗಳ ಸಂದಿಯಿಂದ ಅವಳ ತಲೆಯ ಬಟ್ಟೆ ಮತ್ತು ಒಂದು ಭುಜ ಕಾಣುತ್ತಿತ್ತು. ತಿರುವಿನಲ್ಲಿ ಬಸ್ಸು ವಾಲಿದಾಗ ಭುಜ ಮರೆಯಾಗಿ, ಮತ್ತೆ ಕಂಡಿತು. ಅವನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಕದ್ದು ಕೊಟ್ಟವಳು, ಕದ್ದು ನಟಿಸಿದವಳು. ಬರಲಿಲ್ಲ. ಬದಲಿಗೆ ಒಂದು ಆತುರ ಹತ್ತಿತು, ಆಸ್ಪತ್ರೆಗೆ ಓಡುವವರದಂಥ ಆತುರ. ಹೇಳಿಬಿಡಬೇಕು. ಇದು ಬರೀ ತಿಳಿಯದೆ ಆದದ್ದು. ಅವಳು ಖಾಲಿ ಎಂದು ತಿಳಿದದ್ದು ಖಾಲಿಯಲ್ಲ. ಇಷ್ಟು ಗೊತ್ತಾದರೆ ಇಷ್ಟು ವರ್ಷದ್ದೆಲ್ಲ, ಊರಿಗೆ ಬಂದಾಗಲೆಲ್ಲ ಅವಳು ಎದುರು ಕೂತು ಉಣ್ಣದಿದ್ದದ್ದು, ಅವನು ಖಾಯಂ ಬಂದ ಮೇಲೂ ಅತಿಥಿಯನ್ನು ನೋಡಿಕೊಳ್ಳುವಂತೆ ನೋಡಿಕೊಂಡದ್ದು, ಎಲ್ಲ ಬಿಚ್ಚಿಕೊಳ್ಳಬಹುದು. ಇಬ್ಬರಿಗೂ ತೀರ ಮುಪ್ಪೇನೂ ಆಗಿಲ್ಲ. ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಅವನು ಕೊಯಿಲ ಎಂದ.

ಇಳಿದು, ಪಶುಸಂಗೋಪನಾ ಕೇಂದ್ರದ ಬಯಲಿನ ಬದಿಯ ರಸ್ತೆಯಲ್ಲಿ ನಡೆಯುವಾಗ ಅವಳು ಎಂದಿನಂತೆ ಎರಡು ಹೆಜ್ಜೆ ಹಿಂದಿದ್ದಳು. ಬಿಸಿಲು ಇನ್ನೂ ಇತ್ತು. ಬೇಲಿಯಾಚೆ ಹಸುಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮೇಯುತ್ತಿದ್ದವು. ಅವನು ನಿಂತು, ಅವಳು ಬಂದು ಸಮಸಮ ಆಗುವವರೆಗೆ ಕಾದ.

‘ಆ ಕ್ಯಾಸೆಟ್ಟು,’ ಎಂದ. ‘ಮಾತು ನಿಂತ ಮೇಲೆ ಅದರಲ್ಲಿ ಎಂತ ಇಲ್ಲ ಅಂತ ತಿಳೀಬೇಡ. ನಾನು ಅಳ್ತಾ ಇದ್ದೆ ಆಗ. ತೋರ್ತು ಬಾಯಿಗೆ ಇಟ್ಟಿದ್ದೆ, ರೂಮಲ್ಲಿ ಜನ ಇದ್ರು. ಅದಕ್ಕೆ ನಿನಗೆ ಕೇಳಿಸಲಿಲ್ಲ.’

ರುಕಿಯಾ ಅವನ ಮುಖ ನೋಡಿದಳು. ಬಹಳ ಹೊತ್ತು, ಪರೀಕ್ಷಿಸುವಂತೆ ಅಲ್ಲ, ಸುಮ್ಮನೆ. ‘ಹೌದಾ,’ ಎಂದಳು. ‘ನಾನು ಕಡೆಯವರೆಗೆ ಕೇಳ್ತಿದ್ದೆ. ಎಂತಾದ್ರೂ ಹೇಳ್ತೀರಿ ಅಂತ. ದಿನಾ ಮಧ್ಯಾಹ್ನ ಹಾಕಿ ಕೇಳ್ತಿದ್ದೆ, ಎರಡು ತಿಂಗಳು.’

‘ಈಗ ಗೊತ್ತಾಯ್ತಲ್ಲ ನಿನಗೆ.’

‘ಹೂಂ. ಗೊತ್ತಾಯ್ತು.’

‘ನಂಬುದಿಲ್ವಾ ನೀನು?’

‘ನಂಬುದಿಲ್ಲ ಅಂತ ಯಾರು ಹೇಳಿದ್ದು? ಅತ್ತಿರ್ತೀರಿ. ನಿಮ್ಮದೇ ಮಗು ಅಲ್ವಾ ಅದು.’ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ‘ನನಗೂ ಒಂದು ಹೇಳ್ಬೇಕು ಅಂತ ಇತ್ತು. ಆಚೆ ಮಗ್ಗುಲಲ್ಲಿ ಹೇಳಿ ಕಳಿಸುವ ಅಂತ. ಮೂರು ದಿನ ಎಂತ ಮಾಡಿದೆ ಅಂತ ಕೇಳಿದ್ರಲ್ಲ. ಮೂರು ದಿನವೂ ಎತ್ತಿಕೊಂಡೇ ಇದ್ದೆ. ಮೂತ್ರಕ್ಕೆ ಹೋಗುವಾಗ ಕೂಡ. ಜೀಪು ಸಿಗ್ಲಿಲ್ಲ, ಹೊಳೆ ಬಂದಿತ್ತು. ಆಮೇಲೆ ಅನ್ನಿಸಿತು, ಇದನ್ನು ಟೇಪಿಗೆ ಹೇಳುದು ಹೇಗೆ ಅಂತ.’

ಅವನು ಏನೋ ಹೇಳಲು ಹೊರಟ. ಅವಳು ಕಾಯಲಿಲ್ಲ. ‘ನಡೀರಿ. ಅಸರ್ ನಮಾಜಿನ ಹೊತ್ತಾಯ್ತು,’ ಎಂದು ಈ ಬಾರಿ ಅವಳೇ ಮುಂದೆ ನಡೆದಳು.

ಅವಳು ನಂಬಿದ್ದಳು. ಅದರಲ್ಲಿ ಸಂಶಯವೇ ಇರಲಿಲ್ಲ. ಮಾತು ಮಾತಿಗೆ ತಲುಪಿತ್ತು, ಇನ್ನು ಮುಚ್ಚಿಟ್ಟದ್ದು ಏನೂ ಉಳಿದಿರಲಿಲ್ಲ, ಆದರೂ ರಸ್ತೆ ಅಷ್ಟೇ ಉದ್ದವಿತ್ತು, ಅವರ ನಡುವಿನ ಎರಡು ಹೆಜ್ಜೆ ಎರಡೇ ಹೆಜ್ಜೆಯಾಗಿ ಉಳಿದಿತ್ತು. ಬಸ್ಸಿನಲ್ಲಿ ಹತ್ತಿದ್ದ ಆತುರ ಎಲ್ಲಿ ಇಳಿದುಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಇಷ್ಟು ದಿನ ಹೇಳದೆ ಉಳಿದದ್ದೊಂದಿದೆ, ಹೇಳಿದರೆ ಸರಿಹೋದೀತು ಎಂಬ ಆಸೆಯಾದರೂ ಇತ್ತು ಎಂದು ಈಗ ಅನಿಸಿತು. ಆ ಆಸೆ ಇತ್ತೆಂದು ತಿಳಿದದ್ದೂ ಈಗಲೇ.

ಮನೆ ತಲುಪಿ ರುಕಿಯಾ ಬೀಗ ತೆಗೆದು ಒಳಗೆ ಹೋದಳು. ಅವನು ಅಂಗಳದ ನಳ್ಳಿಯ ಬಳಿ ಬಗ್ಗಿ ಕಾಲಿಗೆ ನೀರು ಬಿಟ್ಟುಕೊಂಡು, ಒಂದು ಕಾಲನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತ. ಒಳಗಿನಿಂದ ಅವಳ ಸ್ವರ ಬಂತು. ‘ಚಾ ಇಡ್ಲಾ?’ ಸಿಟ್ಟಿಲ್ಲ, ಬೇಸರವಿಲ್ಲ, ಯಾವ ಏರಿಳಿತವೂ ಇಲ್ಲದ, ದಿನಾ ಇದೇ ಹೊತ್ತಿಗೆ ಇದೇ ಎರಡು ಶಬ್ದ ಕೇಳುವ ಸ್ವರ. ಮದುವೆಯಾದ ಹೊಸತರಲ್ಲಿ ಅವಳ ಸ್ವರ ಹೀಗಿರಲಿಲ್ಲ. ಕರೆದರೆ ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ವಯಸ್ಸಾದಂತೆ ಹೆಂಗಸರ ಸ್ವರ ತಗ್ಗುತ್ತದೆ ಎಂದುಕೊಂಡಿದ್ದ ಅವನು. ಅದು ತಗ್ಗಿದ್ದು ಯಾವ ತಿಂಗಳು, ಯಾವ ಮಧ್ಯಾಹ್ನಗಳಲ್ಲಿ ಎಂದು ಈಗ ಗೊತ್ತಿತ್ತು.

‘ಇಡು,’ ಎಂದ.